ಎಕ್ಸೆಲ್‌ನಲ್ಲಿ ಓಡುವ ಗ್ರಾಫ್: ಎರಡು ವರ್ಷ ಗಣಿತ ಪಾಠಕ್ಕೆ ಬಳಸಿ ನೋಡಿದ ಮೇಲೆ

ನಾನು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎಂಟು, ಒಂಬತ್ತು, ಹತ್ತು, ಮೂರೂ ತರಗತಿ ನನ್ನದೇ. ಶಾಲೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ, ಒಂದು ಪ್ರೊಜೆಕ್ಟರ್ ಇದೆ. ಸುಣ್ಣ ಬಳಿದ ಗೋಡೆಯೇ ಪರದೆ. ಆ ಲ್ಯಾಪ್‌ಟಾಪಿನಲ್ಲಿರುವ ಎಕ್ಸೆಲ್ ಬಗ್ಗೆ ಬರೆಯುತ್ತಿದ್ದೇನೆ. ಅಂಕಪಟ್ಟಿಗೆ, ಬಿಸಿಯೂಟದ ಲೆಕ್ಕಕ್ಕೆ ಎಲ್ಲರೂ ಇದನ್ನು ಬಳಸುತ್ತಾರೆ. ನಾನು ಎರಡು ವರ್ಷದಿಂದ ಪಾಠಕ್ಕೇ ಬಳಸುತ್ತಿದ್ದೇನೆ. ಗ್ರಾಫ್ ಕದಲುವ ಹಾಗೆ ಮಾಡಿ, ಮಕ್ಕಳ ಕೈಯಲ್ಲೇ ಕದಲಿಸುತ್ತೇನೆ.

ಇದು ಶುರುವಾಗಿದ್ದು ಒಂದು ಪ್ರಶ್ನೆಯಿಂದ. ವರ್ಗ ಸಮೀಕರಣದ ಪಾಠ. ಎ ಎಕ್ಸ್² + ಬಿ ಎಕ್ಸ್ + ಸಿ = 0, ಇಲ್ಲಿ ಎ ಸೊನ್ನೆ ಆಗಿರಬಾರದು ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಆದ್ರೆ ಏನಾಗುತ್ತೆ ಮಿಸ್?" ಎಕ್ಸ್² ಪದ ಮಾಯವಾಗಿ ಸರಳ ಸಮೀಕರಣ ಉಳಿಯುತ್ತೆ ಅಂದೆ. ಅವನು ತಲೆ ಆಡಿಸಿದ. ಆದರೆ ಅವನಿಗೆ ಅದು ಮುಟ್ಟಿಲ್ಲ ಅಂತ ನನಗೆ ಗೊತ್ತಾಯಿತು. ಅವನಿಗೆ ಬೇಕಾಗಿದ್ದು ಆಗುವುದನ್ನು ನೋಡುವುದು.

ಆ ವಾರ ಮನೆಯಲ್ಲಿ ಕೂತು ಮೊದಲ ಫೈಲ್ ಮಾಡಿದೆ. ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕಂದರೆ ಇದನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಮಾಡಬಹುದು. ಎಕ್ಸೆಲ್‌ನಲ್ಲಿ ಡೆವಲಪರ್ ಅಂತ ಒಂದು ಟ್ಯಾಬ್ ಇದೆ. ಮೊದಲಿಗೆ ಕಾಣುವುದಿಲ್ಲ. ಫೈಲ್, ಆಪ್ಶನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ ಟಿಕ್ ಹಾಕಬೇಕು. ಅಲ್ಲಿ ಇನ್ಸರ್ಟ್ ಒತ್ತಿದರೆ ಫಾರ್ಮ್ ಕಂಟ್ರೋಲ್‌ಗಳು ಬರುತ್ತವೆ, ಅದರಲ್ಲಿ ಒಂದು ಸ್ಕ್ರೋಲ್‌ಬಾರ್. ಅದನ್ನು ಶೀಟಿನ ಮೇಲೆ ಎಳೆದು, ಬಲಗಡೆ ಕ್ಲಿಕ್ ಮಾಡಿ, ಯಾವ ಸೆಲ್‌ಗೆ (ಶೀಟಿನ ಒಂದು ಚೌಕಕ್ಕೆ) ಜೋಡಿಸಬೇಕು ಅಂತ ಹೇಳಿದರೆ ಆಯಿತು. ಬಾರ್ ಜಾರಿಸಿದ ಹಾಗೆ ಆ ಸೆಲ್‌ನಲ್ಲಿರುವ ಸಂಖ್ಯೆ ಬದಲಾಗುತ್ತದೆ.

ಇಲ್ಲೊಂದು ತೊಡಕು ಇದೆ. ಈ ಬಾರ್ 0ರಿಂದ 30,000ದವರೆಗಿನ ಪೂರ್ಣಸಂಖ್ಯೆಗಳನ್ನು ಮಾತ್ರ ಕೊಡುತ್ತದೆ. ಋಣ ಸಂಖ್ಯೆ ಇಲ್ಲ, ದಶಮಾಂಶ ಇಲ್ಲ. ಹಾಗಾಗಿ ಬಾರ್ ಅನ್ನು 0ರಿಂದ 60ಕ್ಕೆ ಇಟ್ಟು, ಪಕ್ಕದ ಸೆಲ್‌ನಲ್ಲಿ 30 ಕಳೆದು 10ರಿಂದ ಭಾಗಿಸುವ ಸೂತ್ರ ಬರೆದೆ. ಈಗ ಎ ಬೆಲೆ −3ರಿಂದ 3ರವರೆಗೆ 0.1ರಂತೆ ಓಡುತ್ತದೆ. ಬಿ, ಸಿಗೂ ಹೀಗೇ ಒಂದೊಂದು ಬಾರ್. ಕೆಳಗೆ ಒಂದು ಕಾಲಂನಲ್ಲಿ ಎಕ್ಸ್ ಬೆಲೆ −6ರಿಂದ 6ರವರೆಗೆ, ಕಾಲು ಕಾಲು ಹೆಚ್ಚಿಸುತ್ತಾ, ಒಟ್ಟು 49 ಸಾಲು. ಪಕ್ಕದ ಕಾಲಂನಲ್ಲಿ ವೈ, ಅಂದರೆ ಎ ಎಕ್ಸ್² + ಬಿ ಎಕ್ಸ್ + ಸಿ ಬೆಲೆ. ಎರಡನ್ನೂ ಆಯ್ಕೆ ಮಾಡಿ ಸ್ಕ್ಯಾಟರ್ ಚಾರ್ಟ್ ಹಾಕಬೇಕು. ಲೈನ್ ಚಾರ್ಟ್ ಅಲ್ಲ, ಸ್ಕ್ಯಾಟರ್. ಲೈನ್ ಚಾರ್ಟ್ ಎಕ್ಸ್ ಬೆಲೆಗಳನ್ನು ಸಂಖ್ಯೆಯಾಗಿ ನೋಡುವುದಿಲ್ಲ, ಬರೀ ಹೆಸರುಗಳ ಹಾಗೆ ಸಾಲಾಗಿ ನಿಲ್ಲಿಸುತ್ತದೆ.

ಮಾರನೇ ದಿನ ತರಗತಿಯಲ್ಲಿ ತೋರಿಸಿದೆ, ಕೈ ಕೊಟ್ಟಿತು. ಎ ಜಾರಿಸಿದರೆ ಬಿಲ್ಲು (ಚಾರ್ಟಿನ ಬಾಗಿದ ಗೆರೆ, ಪುಸ್ತಕದಲ್ಲಿ ಪರವಲಯ) ಕದಲಲೇ ಇಲ್ಲ, ಪಕ್ಕದಲ್ಲಿದ್ದ ಅಕ್ಷದ ಸಂಖ್ಯೆಗಳು ಮಾತ್ರ ಬದಲಾದವು. ಎಕ್ಸೆಲ್ ತಾನಾಗಿಯೇ ಅಕ್ಷವನ್ನು ಹಿಗ್ಗಿಸಿ ಕುಗ್ಗಿಸಿ ಚಿತ್ರವನ್ನು ಚೌಕಟ್ಟಿಗೆ ಹೊಂದಿಸುತ್ತದೆ, ಅದಕ್ಕೇ ಹಾಗೆ. ಅಕ್ಷದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕನಿಷ್ಠ −10, ಗರಿಷ್ಠ 10 ಎಂದು ಕೈಯಾರೆ ಬರೆದ ಮೇಲೆ ಸರಿಹೋಯಿತು. ಯಾರಾದರೂ ಶುರು ಮಾಡುವುದಿದ್ದರೆ ಮೊದಲು ಇದನ್ನೇ ಮಾಡಿ.

ಆ ಹುಡುಗನನ್ನೇ ಕರೆದು ಮೌಸ್ ಕೊಟ್ಟೆ. ಎ ಬೆಲೆ 2ರಿಂದ ಇಳಿಸುತ್ತಾ ಬಂದ. ಬಾಣಲೆಯ ಹಾಗಿದ್ದ ಪರವಲಯ ಅಗಲವಾಯಿತು, ತಟ್ಟೆಯ ಹಾಗಾಯಿತು, 0.1ಕ್ಕೆ ಬಂದಾಗ ಸುಮಾರು ಚಪ್ಪಟೆ. ಸೊನ್ನೆಗೆ ಬಂದಾಗ ನೆಟ್ಟಗೆ ಒಂದು ಗೆರೆ. ಅಲ್ಲಿ ನಿಲ್ಲಿಸಿದ. ಮತ್ತೆ ಒಂದು ಹೆಜ್ಜೆ ಇಳಿಸಿದ, ಬಾಣಲೆ ಬೋರಲಾಯಿತು. ಹಿಂದೆ ಮುಂದೆ, ಹಿಂದೆ ಮುಂದೆ, ನಾಲ್ಕೈದು ಸಲ ಅದೇ ಸೊನ್ನೆಯ ಸುತ್ತ ಆಡಿಸಿದ. "ಇಲ್ಲಿ ಮಾತ್ರ ಗೆರೆ ಮಿಸ್, ಆ ಕಡೆ ಈ ಕಡೆ ಎಲ್ಲ ಬಿಲ್ಲೇ" ಅಂದ. ಪುಸ್ತಕದ ಷರತ್ತು ಅವನ ಬಾಯಲ್ಲಿ ಅವನ ಮಾತಾಗಿ ಬಂತು.

ಅವತ್ತಿನಿಂದ ಒಂದು ವಿಷಯ ನನಗೆ ಗಟ್ಟಿಯಾಗಿದೆ. ಚಿತ್ರ ಓಡುವುದು ಮುಖ್ಯವಲ್ಲ. ಅದನ್ನು ಬೇಕಾದ ಕಡೆ ನಿಲ್ಲಿಸಲು ಬರಬೇಕು, ನಿಲ್ಲಿಸಿದಾಗ ಪಕ್ಕದಲ್ಲೇ ಸಂಖ್ಯೆ ಕಾಣಬೇಕು. ವಿಡಿಯೋದಲ್ಲಿ ಪರವಲಯ ಎಷ್ಟು ಚೆನ್ನಾಗಿ ಓಡಿದರೂ ಮಗು ಸುಮ್ನೆ ನೋಡುತ್ತದೆ. ಇಲ್ಲಿ 49 ಸಾಲು ಸಂಖ್ಯೆಗಳು ಕಣ್ಣೆದುರೇ ಬದಲಾಗುತ್ತವೆ, ಬಿಲ್ಲೂ ಬದಲಾಗುತ್ತದೆ. ಎರಡೂ ಒಂದೇ ಎಂದು ಬೇರೆ ಹೇಳಬೇಕಾಗಿಲ್ಲ.

ಶೋಧಕವನ್ನೂ, ಅಂದರೆ ಸಮೀಕರಣದ ಮೂಲಗಳು (ಉತ್ತರಗಳು) ಎಂಥವು ಎಂದು ಹೇಳುವ ಬಿ² − 4ಎಸಿ ಎಂಬ ಸಂಖ್ಯೆಯನ್ನೂ, ಹೀಗೇ ಮಾಡಿದೆ. ಎ 1, ಬಿ −2 ಎಂದು ಇಟ್ಟು, ಸಿ ಮಾತ್ರ ಜಾರಿಸುವುದು. ಒಂದು ದೊಡ್ಡ ಸೆಲ್‌ನಲ್ಲಿ ಬಿ² − 4ಎಸಿ. ಸಿ ಬೆಲೆ −3 ಇದ್ದಾಗ ಶೋಧಕ 16, ಬಿಲ್ಲು ಎಕ್ಸ್ ಅಕ್ಷವನ್ನು −1ರಲ್ಲಿ, 3ರಲ್ಲಿ ಕತ್ತರಿಸುತ್ತದೆ. ಸಿ ಏರಿಸುತ್ತಾ ಹೋದರೆ ಬಿಲ್ಲು ಮೇಲೇಳುತ್ತದೆ, ಎರಡು ಮೂಲಗಳು ಹತ್ತಿರ ಹತ್ತಿರ ಬರುತ್ತವೆ. ಸಿ 1 ಆದಾಗ ಶೋಧಕ ಸೊನ್ನೆ, ಬಿಲ್ಲಿನ ತುದಿ ಅಕ್ಷವನ್ನು ಮುಟ್ಟಿ ನಿಲ್ಲುತ್ತದೆ. ಸಿ 2 ಆದರೆ ಶೋಧಕ −4, ಬಿಲ್ಲು ಅಕ್ಷ ಬಿಟ್ಟು ಮೇಲೆ. "ಮೂಲಗಳು ವಾಸ್ತವ ಮತ್ತು ಸಮ" ಎಂಬ ಸಾಲನ್ನು ಮಕ್ಕಳು ಉರು ಹೊಡೆಯುತ್ತಿದ್ದರು. ಈಗ "ಎರಡೂ ಬಂದು ಒಂದಾದವು" ಅನ್ನುತ್ತಾರೆ. ಪರೀಕ್ಷೆಯಲ್ಲಿ ಪುಸ್ತಕದ ಮಾತನ್ನೇ ಬರೆಯುತ್ತಾರೆ, ಅದು ಬೇರೆ.

ಇನ್ನು ಸೂತ್ರ ಬರೆಯುವುದು. ಇದನ್ನು ಮಕ್ಕಳ ಕೈಯಲ್ಲೇ ಬರೆಸುತ್ತೇನೆ. ಒಂದು ಸೆಲ್‌ನಲ್ಲಿ ಬರೆದು, ಮೂಲೆಯ ಚುಕ್ಕೆ ಹಿಡಿದು ಕೆಳಗೆ ಎಳೆದರೆ ಎಲ್ಲ ಸಾಲಿಗೂ ಸೂತ್ರ ಹೋಗುತ್ತದೆ. ಎಳೆದಾಗ ಎಕ್ಸ್ ಇರುವ ಸೆಲ್ ಸಾಲು ಸಾಲಿಗೆ ಬದಲಾಗಬೇಕು, ಎ ಬಿ ಸಿ ಇರುವ ಸೆಲ್‌ಗಳು ಬದಲಾಗಬಾರದು. ಅದಕ್ಕೆ ಅವುಗಳ ಹೆಸರಿಗೆ ಡಾಲರ್ ಚಿಹ್ನೆ ಹಾಕಬೇಕು. ಹಸುವನ್ನು ಗೂಟಕ್ಕೆ ಕಟ್ಟಿದ ಹಾಗೆ ಅಂತ ಹೇಳಿಕೊಟ್ಟೆ. ಗೂಟಕ್ಕೆ ಕಟ್ಟಿದ್ದು ಸ್ಥಿರಾಂಕ, ಬಿಟ್ಟಿದ್ದು ಚರಾಕ್ಷರ. ಈ ಎರಡರ ವ್ಯತ್ಯಾಸ ಹೇಳಲು ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಒಂದು ಎಚ್ಚರಿಕೆ, ಗಣಿತದವರು ಖಂಡಿತ ತಿಳಿದಿರಬೇಕು. ಎಕ್ಸೆಲ್‌ನಲ್ಲಿ −3² ಎಂದು ಬರೆದರೆ ಉತ್ತರ 9 ಬರುತ್ತದೆ. ನಾವು ಕಲಿಸುವುದು −9. ಮುಂದಿರುವ ಋಣ ಚಿಹ್ನೆಯನ್ನು ಎಕ್ಸೆಲ್ ಮೊದಲು ಹಚ್ಚಿಕೊಂಡು ಆಮೇಲೆ ವರ್ಗ ಮಾಡುತ್ತದೆ. ಒಬ್ಬ ಹುಡುಗಿ −ಎಕ್ಸ್² ಬರೆದು ಚಾರ್ಟ್ ಹಾಕಿದಳು, ಬಾಣಲೆ ಬೋರಲಾಗಲೇ ಇಲ್ಲ. ಅವಳು ತನ್ನದೇ ತಪ್ಪು ಅಂದುಕೊಂಡು ಅಳಿಸಿ ಅಳಿಸಿ ಬರೆದಳು. ಅವಳ ಗಣಿತ ಸರಿಯಾಗಿತ್ತು. ಎಕ್ಸ್² ಅನ್ನು ಆವರಣದೊಳಗೆ ಹಾಕಿ ಹೊರಗೆ ಋಣ ಚಿಹ್ನೆ ಇಟ್ಟರೆ ಸರಿಯಾಗಿ ಬರುತ್ತದೆ. ಇದನ್ನು ಮುಚ್ಚಿಡುವ ಬದಲು ನಾನು ಪಾಠವನ್ನೇ ಮಾಡಿದೆ. ಆವರಣ ಯಾಕೆ ಬೇಕು ಎನ್ನುವುದಕ್ಕೆ ಒಳ್ಳೆಯ ಉದಾಹರಣೆ, ಅಲ್ವಾ?

ತ್ರಿಕೋನಮಿತಿಗೆ ಬಂದರೆ ಮೊದಲ ದಿನವೇ ಸೈನ್ 30 ಎಂದು ಬರೆದರೆ −0.988 ಬಂತು. ಎಕ್ಸೆಲ್ ಕೋನವನ್ನು ಡಿಗ್ರಿಯಲ್ಲಲ್ಲ, ರೇಡಿಯನ್ ಎಂಬ ಇನ್ನೊಂದು ಅಳತೆಯಲ್ಲಿ ಓದುತ್ತದೆ. ಡಿಗ್ರಿಯನ್ನು ರೇಡಿಯನ್ಸ್ ಎಂಬ ಫಂಕ್ಷನ್ ಒಳಗೆ ಹಾಕಿ ಕೊಟ್ಟರೆ 0.5 ಬರುತ್ತದೆ. ಹತ್ತನೇ ತರಗತಿಗೆ ರೇಡಿಯನ್ ಇಲ್ಲ, ಹಾಗಾಗಿ ಅಷ್ಟನ್ನು ನಾನೇ ಬರೆದು ಇಟ್ಟಿರುತ್ತೇನೆ. ಚಿತ್ರ ಇಷ್ಟೇ: ಒಂದು ವೃತ್ತ, ಕೇಂದ್ರದಿಂದ ಒಂದು ತ್ರಿಜ್ಯ, ಅದರ ತುದಿಯಿಂದ ಕೆಳಕ್ಕೆ ಒಂದು ಲಂಬ. ಬಾರ್ ಜಾರಿಸಿದರೆ ಕೋನ 0ಯಿಂದ 90ಕ್ಕೆ ಏರುತ್ತದೆ, ಲಂಬ ಉದ್ದವಾಗುತ್ತದೆ, ಪಾದ ಚಿಕ್ಕದಾಗುತ್ತದೆ. 0, 30, 45, 60, 90ರ ಕೋಷ್ಟಕವನ್ನು ಬಾಯಿಪಾಠ ಮಾಡುವಾಗ ಸೈನ್ ಏರುತ್ತದೋ ಕಾಸ್ ಏರುತ್ತದೋ ಎಂದು ತಡವರಿಸುವ ಮಕ್ಕಳಿಗೆ ಇದು ತುಂಬಾ ಉಪಯೋಗ. ಚಾರ್ಟಿನ ಅಗಲ ಎತ್ತರ ಸಮ ಮಾಡದಿದ್ದರೆ ಮಾತ್ರ ವೃತ್ತ ಕೋಳಿಮೊಟ್ಟೆಯ ಹಾಗೆ ಕಾಣುತ್ತದೆ, ಮೂಲೆ ಹಿಡಿದು ಸರಿ ಮಾಡಿಕೊಳ್ಳಬೇಕು.

ಟ್ಯಾನ್ ವಿಷಯದಲ್ಲಿ ಎಕ್ಸೆಲ್ ಒಂದು ಸುಳ್ಳು ಹೇಳುತ್ತದೆ. ಟ್ಯಾನ್ 89ಕ್ಕೆ 57.29, ಟ್ಯಾನ್ 89.9ಕ್ಕೆ 572.96. ಇಲ್ಲಿಯವರೆಗೆ ಸರಿ, ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. 90 ಹಾಕಿದರೆ ಪುಸ್ತಕದ ಪ್ರಕಾರ ಬೆಲೆ ಇಲ್ಲ. ಎಕ್ಸೆಲ್ ಸುಮಾರು 1.63 ಗುಣಿಸು 10ರ ಘಾತ 16 ಎಂದು ತೋರಿಸುತ್ತದೆ. ಅದರ ಹತ್ತಿರ ಇರುವ ಪೈ ಬೆಲೆ ಪೂರ್ತಿ ಪೈ ಅಲ್ಲ, ಹಾಗಾಗಿ ಅದು ನಿಜವಾದ 90 ಡಿಗ್ರಿಗೆ ಮುಟ್ಟುವುದೇ ಇಲ್ಲ, ಕೂದಲೆಳೆಯಷ್ಟು ಹಿಂದೆ ನಿಲ್ಲುತ್ತದೆ. "ಹಾಗಾದ್ರೆ ಪುಸ್ತಕ ಸರಿಯೋ ಕಂಪ್ಯೂಟರ್ ಸರಿಯೋ" ಎಂದು ಕೇಳಿದರು. ಒಂದು ಪೂರ್ತಿ ಪೀರಿಯಡ್ ಅದರಲ್ಲೇ ಹೋಯಿತು. ಹೋಗಲಿ ಎಂದು ಬಿಟ್ಟೆ.

ನನಗೆ ತುಂಬಾ ಇಷ್ಟವಾದ ಫೈಲ್ ಪೈ ಬಗ್ಗೆ. ವೃತ್ತದೊಳಗೆ ಒಂದು ಷಡ್ಭುಜ. ತ್ರಿಜ್ಯ 1 ಆದರೆ ಬಾಹುವೂ 1, ಸುತ್ತಳತೆ 6, ವ್ಯಾಸದಿಂದ ಭಾಗಿಸಿದರೆ 3. ಬಾರ್ ಒತ್ತಿದ ಹಾಗೆ ಬಾಹುಗಳು ಎರಡರಷ್ಟಾಗುತ್ತವೆ. 12ಕ್ಕೆ 3.1058, 24ಕ್ಕೆ 3.1326, 48ಕ್ಕೆ 3.1394, 96ಕ್ಕೆ 3.1410. ಆರ್ಕಿಮಿಡೀಸ್ ಕೈಯಲ್ಲಿ ಲೆಕ್ಕ ಹಾಕಿ ನಿಂತಿದ್ದು ಇದೇ 96 ಬಾಹುಗಳಲ್ಲಿ. ಗೋಡೆಯ ಮೇಲೆ 48ಕ್ಕೇ ಬಹುಭುಜ ಯಾವುದು, ವೃತ್ತ ಯಾವುದು ಗೊತ್ತಾಗುವುದಿಲ್ಲ, ಆದರೆ ಸಂಖ್ಯೆ ಇನ್ನೂ ಕದಲುತ್ತಿರುತ್ತದೆ. ಅಲ್ಲಿ ನಾನು ಆರ್ಯಭಟನ ವಿಷಯ ತೆಗೆಯುತ್ತೇನೆ. 499ರಲ್ಲಿ ಅವನು ವ್ಯಾಸ 20,000 ಆದರೆ ಪರಿಧಿ 62,832ಕ್ಕೆ ಹತ್ತಿರ ಎಂದ. ಭಾಗಿಸಿದರೆ 3.1416. ಹತ್ತಿರ ಎಂದನೇ ಹೊರತು ಸಮ ಎನ್ನಲಿಲ್ಲ. ಅವನ 24 ಜ್ಯಾಗಳ (ಜ್ಯಾ ಎಂದರೆ ತ್ರಿಜ್ಯವನ್ನು ಸೈನ್‌ನಿಂದ ಗುಣಿಸಿದ್ದು) ಪಟ್ಟಿಯೂ ಇದೇ ಶೀಟಿನಲ್ಲಿದೆ. ಹೆಜ್ಜೆ 3.75 ಡಿಗ್ರಿ, ತ್ರಿಜ್ಯ 3,438. ನಮ್ಮ 48 ಬಾಹುಗಳ ಬಹುಭುಜದಲ್ಲಿ ಒಂದು ಬಾಹು ಕೇಂದ್ರದಲ್ಲಿ ಮಾಡುವ ಕೋನದ ಅರ್ಧವೂ 3.75 ಡಿಗ್ರಿಯೇ. ಎಕ್ಸೆಲ್ ಮೊದಲ ಜ್ಯಾ 224.86 ಎನ್ನುತ್ತದೆ, ಅವನು 225 ಎಂದಿದ್ದಾನೆ. 30 ಡಿಗ್ರಿಗೆ ಎರಡೂ ಕಡೆ 1,719. ಮಕ್ಕಳು ಒಂದೊಂದಾಗಿ ಹೋಲಿಸಿ ನೋಡಿದರು, ನಾನು ಏನೂ ಹೇಳಬೇಕಾಗಲಿಲ್ಲ.

ಬಹುಭುಜದ ಲೆಕ್ಕವನ್ನು ಸೈನ್ ಬಳಸದೆ, ಬರೀ ವರ್ಗಮೂಲದಿಂದ ಮಾಡಿಸಿ. ಪೈ ಹುಡುಕುವ ಲೆಕ್ಕದೊಳಗೆ ಪೈ ನುಸುಳಬಾರದು. ಪೈಥಾಗೊರಸ್ ಪ್ರಮೇಯ ಎರಡು ಸಲ ಹಾಕಿದರೆ ಸೂತ್ರ ಸಿಗುತ್ತದೆ: ಹಳೆ ಬಾಹುವಿನ ವರ್ಗವನ್ನು 4ರಿಂದ ಕಳೆದು ವರ್ಗಮೂಲ ತೆಗೆಯಬೇಕು, ಅದನ್ನು 2ರಿಂದ ಕಳೆದು ಮತ್ತೆ ವರ್ಗಮೂಲ, ಅದೇ ಹೊಸ ಬಾಹು. ಒಂದೊಂದು ಸಾಲಿಗೂ ಬಾಹುಗಳು ಎರಡರಷ್ಟಾಗುತ್ತವೆ. ಆದರೆ 20 ಸಾಲು ದಾಟಿದ ಮೇಲೆ ಉತ್ತರ ಕೆಡತೊಡಗುತ್ತದೆ, 30ನೇ ಸಾಲಿನ ಹೊತ್ತಿಗೆ ಪೈ ಸೊನ್ನೆಯೇ ಆಗಿಬಿಡುತ್ತದೆ. ಎಕ್ಸೆಲ್ 15 ಅಂಕೆಗಳಷ್ಟೇ ನೆನಪಿಡುತ್ತದೆ, ಸುಮಾರು ಸಮ ಇರುವ ಎರಡು ಸಂಖ್ಯೆಗಳನ್ನು ಕಳೆದಾಗ ಏನೂ ಉಳಿಯುವುದಿಲ್ಲ. ಸಾಧ್ಯವಾದರೆ ಇದನ್ನೂ ತೋರಿಸಿ.

ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರಕ್ಕೆ ವಾಣಿ ವಿಲಾಸ ಸಾಗರದ ನೀರಿನ ಮಟ್ಟ ತೆಗೆದುಕೊಂಡೆವು. ನಮ್ಮ ಕಡೆ ಮಾರಿ ಕಣಿವೆ ಎಂದೇ ಹೇಳುವುದು. ಪೂರ್ಣ ಮಟ್ಟ 130 ಅಡಿ. 1933ರ ಮೇಲೆ 2022ರಲ್ಲಿ ಕೋಡಿ ಬಿದ್ದಾಗ ಇಡೀ ತಾಲ್ಲೂಕು ನೋಡಲು ಹೋಗಿತ್ತು. ಮಕ್ಕಳು ದಿನಾ ಪತ್ರಿಕೆ ನೋಡಿ ಮಟ್ಟ ಬರೆದುಕೊಂಡು ಬಂದರು. ಬಾರ್ ಜಾರಿಸಿದರೆ ದಿನ ಮುಂದೆ ಹೋಗುತ್ತದೆ, ನೀಲಿ ಕಂಬ ಏರುತ್ತದೆ, ಇಳಿಯುತ್ತದೆ. ಸಂಖ್ಯೆಗಳು ಹತ್ತಿರ ಹತ್ತಿರ ಇದ್ದರೆ ಎಕ್ಸೆಲ್ ಅಕ್ಷವನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ. ಅರ್ಧ ಅಡಿ ಏರಿದ್ದು ಪ್ರವಾಹದ ಹಾಗೆ ಕಂಡಿತು. ಸೊನ್ನೆಯಿಂದ ಶುರು ಮಾಡಿದ ಚಾರ್ಟನ್ನು ಪಕ್ಕದಲ್ಲಿಟ್ಟೆ. ಪತ್ರಿಕೆಯಲ್ಲಿ ಗ್ರಾಫ್ ಬಂದರೆ ಈಗ ಅವರು ಮೊದಲು ಅಕ್ಷ ಎಲ್ಲಿಂದ ಶುರುವಾಗಿದೆ ಅಂತ ನೋಡುತ್ತಾರೆ.

ನಾಣ್ಯ ಚಿಮ್ಮುವುದನ್ನೂ ಮಾಡಿದ್ದೇನೆ, 200 ಸಾಲು. ಎಫ್9 ಒತ್ತಿದರೆ ಹೊಸದಾಗಿ 200 ಸಲ ಚಿಮ್ಮಿದ ಹಾಗೆ. ಅಲ್ಲಿಯವರೆಗೆ ಶಿರ ಬಿದ್ದ ಪಾಲು ಎಷ್ಟು ಎಂದು ತೋರಿಸುವ ಗೆರೆ ಮೊದಲು ಮೇಲೆ ಕೆಳಗೆ ಹಾರಾಡಿ ಅರ್ಧದ ಹತ್ತಿರ ಬಂದು ಸುಮ್ಮನಾಗುತ್ತದೆ. ಚೆನ್ನಾಗಿದೆ, ಆದರೆ ಮೊದಲು ಕೈಯಲ್ಲಿ ನಿಜವಾದ ನಾಣ್ಯ ಚಿಮ್ಮಿಸದೆ ಇದನ್ನು ತೋರಿಸಬೇಡಿ.

ತಾನೇ ಓಡುವ ಹಾಗೂ ಮಾಡಬಹುದು. ಆಪ್ಶನ್ಸ್‌ನಲ್ಲಿ ಫಾರ್ಮುಲಾಸ್ ಒಳಗೆ ಇಟರೇಟಿವ್ ಕ್ಯಾಲ್ಕುಲೇಶನ್ ಟಿಕ್ ಮಾಡಿ, ಅದರ ಮಿತಿಯನ್ನು 1ಕ್ಕೆ ಇಟ್ಟರೆ, ಒಂದು ಸೆಲ್ ತನಗೆ ತಾನೇ 1 ಕೂಡಿಸಿಕೊಳ್ಳಬಹುದು. ಎಫ್9 ಒತ್ತಿ ಹಿಡಿದರೆ ಸಂಖ್ಯೆ ಏರುತ್ತಲೇ ಹೋಗುತ್ತದೆ, ವೃತ್ತದ ಮೇಲೆ ಚುಕ್ಕೆ ಸುತ್ತುತ್ತದೆ, ಪಕ್ಕದಲ್ಲಿ ಸೈನ್ ಅಲೆ ಬಿಡಿಸಿಕೊಳ್ಳುತ್ತದೆ. ನೋಡಲು ಸೊಗಸು. ಆದರೆ ಈ ಟಿಕ್ ಹಾಕಿರುವಾಗ ಅಂಕಪಟ್ಟಿಯ ಫೈಲ್ ತೆರೆಯಬೇಡಿ. ಮೊದಲು ತೆರೆದ ಫೈಲಿನ ಸೆಟ್ಟಿಂಗ್ ಆಗ ತೆರೆದಿರುವ ಎಲ್ಲ ಫೈಲ್‌ಗೂ ಹತ್ತುತ್ತದೆ, ಅಲ್ಲಿ ಸೂತ್ರ ತನ್ನ ಉತ್ತರವನ್ನೇ ಮತ್ತೆ ಬಳಸುವ ಹಾಗೆ ಸುತ್ತಿ ಬಂದಿದ್ದರೆ ಎಕ್ಸೆಲ್ ಎಚ್ಚರಿಸುವುದಿಲ್ಲ. ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗಿನ ಚಿಕ್ಕ ಪ್ರೋಗ್ರಾಂ, ಬರೆದೂ ಓಡಿಸಬಹುದು. ನಾನು ಬರೆದು ನೋಡಿ ಬಿಟ್ಟೆ. ಬ್ರೌಸರಿನ ಎಕ್ಸೆಲ್‌ನಲ್ಲಿ, ಫೋನಿನಲ್ಲಿ ಮ್ಯಾಕ್ರೋ ನಡೆಯುವುದಿಲ್ಲ. ಜೊತೆಗೆ, ಚಿತ್ರ ತಾನೇ ಓಡತೊಡಗಿದ ಕೂಡಲೇ ತರಗತಿ ಸಿನಿಮಾ ನೋಡುವ ಹಾಗೆ ಹಿಂದಕ್ಕೆ ಒರಗಿ ಕೂರುತ್ತದೆ. ಬಾರ್ ಮಗುವಿನ ಕೈಯಲ್ಲಿದ್ದಾಗ ಉಳಿದವರು "ನಿಲ್ಸು, ನಿಲ್ಸು, ಸ್ವಲ್ಪ ಹಿಂದೆ" ಎಂದು ಕೂಗುತ್ತಾರೆ. ನನಗೆ ಬೇಕಾಗಿದ್ದು ಆ ಕೂಗು.

ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ಇರುವಾಗ ಎಕ್ಸೆಲ್ ಯಾಕೆ ಎಂದು ಜೊತೆಯ ಶಿಕ್ಷಕರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ರೇಖಾಗಣಿತಕ್ಕೆ, ಸ್ಪರ್ಶಕಗಳಿಗೆ, ರಚನೆಗಳಿಗೆ ನಾನೂ ಜಿಯೋಜೀಬ್ರಾವನ್ನೇ ಬಳಸುತ್ತೇನೆ. ಅದು ಅದಕ್ಕಾಗಿಯೇ ಮಾಡಿದ್ದು, ಅದರ ಸ್ಲೈಡರ್‌ಗೆ ಋಣ ಸಂಖ್ಯೆ, ದಶಮಾಂಶ ಎಲ್ಲ ಸಲೀಸು. ಆದರೆ ಅದರಲ್ಲಿ ಸಮೀಕರಣ ಬರೆದ ಕೂಡಲೇ ಬಿಲ್ಲು ಬಂದುಬಿಡುತ್ತದೆ. ನಡುವಿನ ಕೆಲಸ ಕಾಣುವುದಿಲ್ಲ. ಎಕ್ಸೆಲ್‌ನಲ್ಲಿ ಎಕ್ಸ್ ಬೆಲೆ ಬರೆದು, ವೈ ಬೆಲೆ ಕಂಡುಹಿಡಿದು, ಚುಕ್ಕೆ ಇಟ್ಟು, ಸೇರಿಸಬೇಕು. ನಕ್ಷೆ ಹಾಳೆಯ ಮೇಲೆ ಮಕ್ಕಳು ಮಾಡುವುದೂ ಇದನ್ನೇ. ಎಕ್ಸೆಲ್‌ಗೆ ದುಡ್ಡು ಕೊಡಲು ಆಗದಿದ್ದರೆ ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಪುಕ್ಕಟೆ ಸಿಗುತ್ತದೆ, ಅದರಲ್ಲೂ ಸ್ಕ್ರೋಲ್‌ಬಾರ್ ಇದೆ, ಸೆಲ್‌ಗೆ ಜೋಡಿಸಬಹುದು. ಯೂನಿಕೋಡ್‌ನಲ್ಲಿ ಬರೆದರೆ ಚಾರ್ಟಿನ ಹೆಸರು, ಅಕ್ಷದ ಹೆಸರು ಕನ್ನಡದಲ್ಲೇ ಬರುತ್ತವೆ. ನಾನು ಎಲ್ಲ ಫೈಲ್‌ಗಳಲ್ಲೂ ಹಾಗೇ ಬರೆದಿದ್ದೇನೆ.

ಕ್ರಮದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಮೊದಲು ಹಾಳೆ, ಆಮೇಲೆ ಗೋಡೆ. ಮೊದಲ ವರ್ಷ ನೇರವಾಗಿ ಪರದೆ ತೋರಿಸಿದೆ. ಮಕ್ಕಳಿಗೆ ಖುಷಿ ಆಯಿತು, ಆದರೆ ಕಿರುಪರೀಕ್ಷೆಯಲ್ಲಿ ನಕ್ಷೆ ಹಾಳೆ ಕೊಟ್ಟಾಗ ಅರ್ಧ ತರಗತಿಗೆ ಪ್ರಮಾಣ ತೆಗೆದುಕೊಳ್ಳಲೇ ಬರಲಿಲ್ಲ. ಈಗ ಒಂದು ಪರವಲಯವನ್ನು ಪೆನ್ಸಿಲ್‌ನಲ್ಲಿ ಪೂರ್ತಿ ಬಿಡಿಸಿದ ಮೇಲೇ ಪ್ರೊಜೆಕ್ಟರ್ ಹಚ್ಚುವುದು. ಏಳು ಚುಕ್ಕೆ ಇಡಲು ಕಾಲು ಗಂಟೆ ತೆಗೆದುಕೊಂಡವರಿಗೆ, ಬಾರ್ ಒಂದು ಹೆಜ್ಜೆ ಸರಿಸಿದಾಗ 49 ಚುಕ್ಕೆಗಳು ಒಟ್ಟಿಗೆ ಕದಲುವುದರ ಬೆಲೆ ಗೊತ್ತಾಗುತ್ತದೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಉಳಿಯುತ್ತದೆ, ಪ್ರೊಜೆಕ್ಟರ್ ಉಳಿಯುವುದಿಲ್ಲ. ಆಗಲೂ ಹಾಳೆ ಕೈಯಲ್ಲಿರುತ್ತದೆ.

ಕಳೆದ ಶುಕ್ರವಾರ ಒಬ್ಬ ಹುಡುಗಿ ಬಿ ಬಾರ್ ಜಾರಿಸುತ್ತಿದ್ದಳು. ಎ 1, ಸಿ 2. ಬಿಲ್ಲು ಎಡಕ್ಕೆ ಬಲಕ್ಕೆ ಓಡಾಡುತ್ತದೆ ಎಂದು ನಾನು ಹೇಳುತ್ತಿದ್ದೆ. ಅವಳು "ಬರೀ ಓಡಾಡ್ತಿಲ್ಲ ಮಿಸ್, ತುದಿ ಮೇಲೆ ಕೆಳಗೆನೂ ಹೋಗ್ತಿದೆ. ಅದೂ ಒಂದು ಬಿಲ್ಲು ಹಾಕ್ತಿದೆ" ಅಂದಳು. ತುದಿ ಎಂದರೆ ಪರವಲಯದ ಶೃಂಗ. ನಾನು ಅದನ್ನು ಯಾವತ್ತೂ ಗಮನಿಸಿರಲಿಲ್ಲ. ಬಿಯ ಒಂದೊಂದು ಬೆಲೆಗೂ ಶೃಂಗ ಎಲ್ಲಿದೆ ಎಂದು ಎರಡು ಹೊಸ ಕಾಲಂ ಬರೆಸಿದೆ, ಕೆಂಪು ಚುಕ್ಕೆಗಳನ್ನು ಅದೇ ಚಾರ್ಟಿಗೆ ಸೇರಿಸಿದೆವು. ಬೋರಲು ಹಾಕಿದ ಒಂದು ಬಾಣಲೆ ಕಾಣಿಸಿತು. ಬೋರ್ಡಿನ ಮೇಲೆ ಬಿಡಿಸಿ ನೋಡಿದರೆ ವೈ = 2 − ಎಕ್ಸ್². ಅವಳ ಮಾತು ನಿಜವಾಗಿತ್ತು.

ಈಗ ಬಿ, ಸಿ ಎರಡನ್ನೂ ಗೂಟಕ್ಕೆ ಕಟ್ಟಿ, ಎ ಮಾತ್ರ ಜಾರಿಸಿದರೆ ತುದಿ ಯಾವ ದಾರಿ ಹಿಡಿಯುತ್ತದೆ ಎಂದು ಕೇಳಿ ಕಳಿಸಿದ್ದೇನೆ. ಸೋಮವಾರ ಉತ್ತರ ತರುತ್ತಾರೆ.